ಸೋಮವಾರ ಸಂಜೆಯ ಟಪಾಲು

ನಮ್ಮ ಕ್ಲಬ್ಬಿನ ಸಭೆ ನಡೆಯುವುದು ಮಂಗಳವಾರ ಮಧ್ಯಾಹ್ನ ಒಂದು ಗಂಟೆಗೆ. ಅದರ ನಡಾವಳಿಯನ್ನು ನಾನು ಬರೆದು ಮುಗಿಸುವುದು ಸೋಮವಾರ ಸಂಜೆ. ಇದರಲ್ಲಿ ಮೋಸ ಏನೂ ಇಲ್ಲ. ಅಧ್ಯಕ್ಷರು ಸ್ವಾಗತಿಸಿದರು, ಹಿಂದಿನ ಸಭೆಯ ನಡಾವಳಿಯನ್ನು ಅಂಗೀಕರಿಸಲಾಯಿತು, ಅತಿಥಿಗಳು ಮಾತನಾಡಿದರು, ಠರಾವು ಸರ್ವಾನುಮತದಿಂದ ಪಾಸಾಯಿತು, ವಂದನಾರ್ಪಣೆಯ ನಂತರ ಊಟ. ಇಪ್ಪತ್ತಮೂರು ವರ್ಷದಿಂದ ಇದರಲ್ಲಿ ಒಂದಕ್ಷರ ಆಚೀಚೆ ಆದದ್ದು ನಾನು ಕಂಡಿಲ್ಲ. ಮತ್ತೆ ಮಂಗಳವಾರದವರೆಗೆ ಕಾಯುವ ಕರ್ಮ ನನಗೇಕೆ?

ಈ ವಿದ್ಯೆ ಹೇಳಿಕೊಟ್ಟವನು ಅಪ್ಪ. ನನಗಿಂತ ಮೊದಲು ಇದೇ ಮೇಜಿನ ಮುಂದೆ ಮೂವತ್ತೊಂದು ವರ್ಷ ಗುಮಾಸ್ತನಾಗಿ ಕೂತಿದ್ದವನು. "ಸೋಮವಾರ ಬರೆದಿಟ್ಬಿಡು ಮಗಾ, ಮಂಗಳವಾರ ಅವರೇ ಅದರ ಪ್ರಕಾರ ನಡ್ಕೋತಾರೆ" ಎನ್ನುತ್ತಿದ್ದ. ಅವನು ತಮಾಷೆಗೆ ಹೇಳುತ್ತಿದ್ದ ಮಾತುಗಳೇ ಕಡಿಮೆ, ಅದರಲ್ಲಿ ಇದೊಂದು.

ಕ್ಲಬ್ಬು ಎಂದರೆ ಇಸ್ಪೀಟಿನ ಕ್ಲಬ್ಬಲ್ಲ, ಸಮಾಜಸೇವೆಯ ಕ್ಲಬ್ಬು. ಡಾಕ್ಟರು, ವಕೀಲರು, ಕಾರ್ಖಾನೆ ಇಟ್ಟವರು, ನಿವೃತ್ತರಾಗಿ ಮನೆಯಲ್ಲಿ ಹೆಂಡತಿಯ ಕಣ್ಣು ತಪ್ಪಿಸಬೇಕಾದವರು, ಒಟ್ಟು ಅರವತ್ತೆರಡು ಜನ ಸದಸ್ಯರು. ಕನ್ನಡಕ ಹಂಚುತ್ತಾರೆ, ಗಿಡ ನೆಡುತ್ತಾರೆ, ನೆಟ್ಟ ಗಿಡದ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನೀರು ಹಾಕುವವನು ನಾನು. ಕುರ್ಚಿ ಹಾಕಿಸುವುದು, ಮೈಕು ಕಿರುಚದಂತೆ ನೋಡಿಕೊಳ್ಳುವುದು, ಯಾರ ಹೆಸರಿನ ಹಿಂದೆ ಯಾವ ಪದವಿ ಬಿಟ್ಟುಹೋದರೆ ಯಾರು ಮುನಿಸಿಕೊಳ್ಳುತ್ತಾರೆ ಎಂದು ನೆನಪಿಟ್ಟುಕೊಳ್ಳುವುದು, ಎಲ್ಲ ನನ್ನ ತಲೆಗೇ. ಐವತ್ತು ತುಂಬುವ ಮೊದಲೇ ನನ್ನ ಬೆನ್ನು ಎಪ್ಪತ್ತರ ಮುದುಕನದಾಗಿದೆ.

ಈ ಸಲದ ಅಧ್ಯಕ್ಷರು ಹಲ್ಲಿನ ಡಾಕ್ಟರು. ಒಳ್ಳೆಯ ಮನುಷ್ಯ, ಸುಳ್ಳು ಹೇಳಬಾರದು. ಆದರೆ ಎದುರಿಗಿರುವವರೆಲ್ಲ ಬಾಯಿ ತೆರೆದುಕೊಂಡು ಮಲಗಿದ್ದಾರೆ ಎಂಬಂತೆ ಮಾತಾಡುತ್ತಾರೆ. ಪ್ರಶ್ನೆ ಕೇಳುತ್ತಾರೆ, ಉತ್ತರಕ್ಕೆ ಕಾಯುವುದಿಲ್ಲ. ಮೂರು ವಾರದ ಹಿಂದೆ ನನ್ನ ಮೇಜಿನ ಹತ್ತಿರ ಬಂದು ನಿಂತರು.

"ಮ್ಯಾನೇಜರೇ, ಈಜುಕೊಳದ ಹೋರಾಟಕ್ಕೆ ಈ ತಿಂಗಳು ಐವತ್ತು ವರ್ಷ. ನಾಗರಿಕ ಹಕ್ಕುಗಳ ಇತಿಹಾಸಕ್ಕೆ ನಮ್ಮ ಕ್ಲಬ್ಬಿನ ಗೌರವ ಅಂತ ಒಂದು ಸಭೆ ಮಾಡೋಣ. ನಿಮ್ಮ ಅತ್ತೆಯವರನ್ನೇ ಸನ್ಮಾನಿಸೋಣ, ಏನಂತೀರಿ? ಬರ್ತಾರಲ್ವಾ? ಬರ್ತಾರೆ. ಮತ್ತೆ ನಿಮ್ಮ ತಂದೆಯವರ ಹೆಸರಲ್ಲಿ ಗೋಡೆಗೊಂದು ಹಿತ್ತಾಳೆ ಫಲಕ. ಬರೆಯೋಕೆ ಕೊಟ್ಟೂ ಆಯ್ತು."

ಅರವತ್ತೆರಡು ಜನರ ಚಾಕರಿ ಮಾಡಿ ಸವೆದುಹೋದ ಮನುಷ್ಯನ ಹೆಸರು ಆ ಗೋಡೆಯ ಮೇಲೆ, ಹಿಂದಿನ ಅಧ್ಯಕ್ಷರ ಫೋಟೋಗಳ ಸಾಲಿನಲ್ಲಿ! ಆ ದಿನ ಮನೆಗೆ ಹೋಗುವಾಗ ಎರಡು ಸ್ಟಾಪು ಮೊದಲೇ ಬಸ್ಸಿಳಿದು ಸುಮ್ಮನೆ ನಡೆದೆ. ಅಷ್ಟು ಖುಷಿಯಾಗಿತ್ತು.

ಆ ಕಥೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಾವು ಕೆಳಬೀದಿಯವರು, ಚರ್ಮ ಹದಮಾಡುವ ಕಾರ್ಖಾನೆಯ ಹಿಂದಿನ ಬೀದಿಯವರು. ಕ್ಲಬ್ಬಿನವರು ಆಗ ಊರಿಗೊಂದು ಈಜುಕೊಳ ಕಟ್ಟಿಸಿ ಪುರಸಭೆಗೆ ಒಪ್ಪಿಸಿದ್ದರು. ಗೇಟಿನ ಮೇಲೆ ಒಂದು ಬೋರ್ಡು: 'ಆರೋಗ್ಯದ ದೃಷ್ಟಿಯಿಂದ ಕೆಳಬೀದಿಯವರಿಗೆ ಪ್ರವೇಶವಿಲ್ಲ.' ಮೈಗೆ ಚರ್ಮದ ವಾಸನೆ ಅಂತೆ. ಅವರ ಕಾಲಿನ ಬೂಟು ಮಾತ್ರ ಅದೇ ಚರ್ಮದ್ದು, ಅದಕ್ಕೆ ವಾಸನೆ ಇರಲಿಲ್ಲ.

ನನ್ನ ಅತ್ತೆ, ಅಪ್ಪನ ತಂಗಿ, ಆಗ ಇಪ್ಪತ್ತನಾಲ್ಕರವಳು. ಅವಳೂ ಇನ್ನೂ ಐದು ಜನರೂ ಸೇರಿ ಪುರಸಭೆಗೆ ಒಂದು ಕಾಗದ ಬರೆದರು: ಇಂಥ ಮಂಗಳವಾರ ಮಧ್ಯಾಹ್ನ ಒಂದೂವರೆಗೆ ನಾವು ಬಂದು ಕೊಳಕ್ಕೆ ಇಳಿಯುತ್ತೇವೆ, ಬೇಕಾದರೆ ತಡೆಯಿರಿ. ಕದ್ದುಮುಚ್ಚಿ ಏನೂ ಇರಲಿಲ್ಲ. ಗೇಟಿನಲ್ಲಿ ತಡೆಯುತ್ತಾರೆ, ಅಲ್ಲೇ ಕೂತು ಹಾಡು ಹೇಳಿ ಬರುವುದು ಎಂದು ಅಂದುಕೊಂಡಿದ್ದರು. ಹೋಗಿ ನೋಡಿದರೆ ಗೇಟು ತೆರೆದೇ ಇತ್ತು. ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು, ಅರೆ, ಒಪ್ಪಿಕೊಂಡರಲ್ಲ ಎಂದು ನಗುತ್ತಾ ಒಳಗೆ ಹೋದರು. ಹಿಂದಿನಿಂದ ಬೀಗ ಬಿತ್ತು. ಬಟ್ಟೆ ಬದಲಿಸುವ ಕೋಣೆಗಳಿಂದ ಪೊಲೀಸರು ಲಾಠಿ ಹಿಡಿದು ಬಂದರು. ಓಡಲು ಜಾಗವಿರಲಿಲ್ಲ, ಮುಂದೆ ನೀರು, ಹಿಂದೆ ಬೀಗ. ಅತ್ತೆಯ ಬಲಗೈ ಎರಡು ಕಡೆ ಮುರಿಯಿತು. ಇವತ್ತಿಗೂ ಆ ಕೈ ಭುಜಕ್ಕಿಂತ ಮೇಲೆ ಏಳುವುದಿಲ್ಲ. ಮರುವರ್ಷ ಕೋರ್ಟಿನ ಆದೇಶ ಬಂತು, ಬೋರ್ಡು ಇಳಿಯಿತು, ಕೆಳಬೀದಿಯ ಮಕ್ಕಳೆಲ್ಲ ಈಜು ಕಲಿತರು. ಅತ್ತೆಯೊಬ್ಬಳು ಕಲಿಯಲಿಲ್ಲ. ಆ ಆರು ಜನರಲ್ಲಿ ಈಗ ಉಳಿದಿರುವವಳೂ ಅವಳೊಬ್ಬಳೇ.

ಇದರಲ್ಲಿ ಅಪ್ಪನ ಪಾಲು ಏನೆಂದರೆ, ಅವನು ಓಡಿದ್ದ. ಅದೇ ಮಂಗಳವಾರ ಒಂದು ಗಂಟೆಗೆ ಕ್ಲಬ್ಬಿನ ಸಭೆ. ಕೊಳದ ವಿಷಯವನ್ನು ಪೊಲೀಸರಿಗೆ ಒಪ್ಪಿಸಬೇಕೆಂದು ಅಲ್ಲಿ ಠರಾವಾಯಿತು. ಗುಮಾಸ್ತನಾಗಿ ಅದನ್ನು ಕೇಳಿಸಿಕೊಂಡ ಅಪ್ಪ ಪೆನ್ನು ಕೈಯಲ್ಲಿ ಹಿಡಿದುಕೊಂಡೇ ಎದ್ದು ಬಿದ್ದು ಓಡಿದ. ಒಂದು ಚಪ್ಪಲಿ ದಾರಿಯಲ್ಲೇ ಕಳಚಿತು. ಮುಟ್ಟುವಷ್ಟರಲ್ಲಿ ಬೀಗ ಬಿದ್ದಿತ್ತು. ಹೊರಗಿನಿಂದ ಗೇಟು ಹಿಡಿದು ಅಲ್ಲಾಡಿಸುತ್ತಾ ಕೂಗಿಕೊಂಡ. ಆಮೇಲೆ ತಂಗಿಯನ್ನು ಎತ್ತಿಕೊಂಡು ಆಸ್ಪತ್ರೆಗೆ ನಡೆದ. ನನ್ನ ಅಮ್ಮ ಬೇಗ ಹೋಗಿಬಿಟ್ಟಳು. ನನ್ನನ್ನು ಸಾಕಿದ ಅತ್ತೆ ನಾನು ಊಟಕ್ಕೆ ಹಟ ಮಾಡಿದಾಗೆಲ್ಲ ಹೇಳುತ್ತಿದ್ದದ್ದು ಇದೇ ಕಥೆ. ಅಪ್ಪ ಮಾತ್ರ ಯಾವತ್ತೂ ಹೇಳಲಿಲ್ಲ. ಅವಳು ಶುರು ಮಾಡಿದರೆ ಎದ್ದು ಹೊರಗೆ ಹೋಗಿಬಿಡುತ್ತಿದ್ದ. ನಾಚಿಕೆ ಸ್ವಭಾವ, ಹೊಗಳಿಸಿಕೊಳ್ಳಲು ಆಗುವುದಿಲ್ಲ ಎಂದು ನಾವೆಲ್ಲ ಅಂದುಕೊಂಡಿದ್ದೆವು.

ಫಲಕದ ಕೆಳಗೆ ಗಾಜಿನ ಪೆಟ್ಟಿಗೆಯಲ್ಲಿ ಆ ವರ್ಷದ ನಡಾವಳಿ ಪುಸ್ತಕ ತೆರೆದಿಡಬೇಕು ಎಂದು ಅಧ್ಯಕ್ಷರ ಆಸೆ. ವೇದಿಕೆಯ ಹಿಂದಿನ ಸ್ಟೋರ್ ರೂಮಿನಲ್ಲಿ ಕಬ್ಬಿಣದ ಬೀರು ಇದೆ. ಮರುದಿನವೇ ಹೋಗಿ ತೆಗೆದೆ. ಧೂಳಿಗೆ ಹನ್ನೆರಡು ಸಲ ಸೀನಿದ ಮೇಲೆ ಪುಸ್ತಕ ಸಿಕ್ಕಿತು. ಆ ಮಂಗಳವಾರದ ಪುಟ ಅಪ್ಪನ ಮುತ್ತಿನಂಥ ಅಕ್ಷರದಲ್ಲಿತ್ತು. 'ಸರ್ವಾನುಮತದಿಂದ ಅಂಗೀಕರಿಸಲಾಯಿತು.' ಒಂದು ಕಾಟಿಲ್ಲ, ಒಂದು ಚಿತ್ತಿಲ್ಲ.

ಅದನ್ನು ಮೇಲಿನಿಂದ ಮತ್ತೊಮ್ಮೆ ಓದಿದೆ. ಠರಾವು ಕೇಳಿದವನೇ ಪೆನ್ನು ಹಿಡಿದು ಓಡಿದವನು ಇಷ್ಟು ಚಂದವಾಗಿ ಇದನ್ನು ಯಾವಾಗ ಬರೆದ? ಬೇರೆ ಯಾರಿಗೂ ಈ ಪ್ರಶ್ನೆ ಹುಟ್ಟುವುದಿಲ್ಲ. ಪುಟದ ಮೇಲೆ ಮಂಗಳವಾರದ ತಾರೀಖಿದೆ, ಅಷ್ಟೇ ಸಾಕು ಜಗತ್ತಿಗೆ. ಆದರೆ ಆ ಕುರ್ಚಿಯಲ್ಲಿ ಕೂತವನು ನಾನು. ನನಗೆ ಬರೆಯುವುದನ್ನು ಕಲಿಸಿದವನು ಅವನು.

ಇಲ್ಲ, ಅದೊಂದು ವಾರ ಹಾಗೆ ಆಗಿರಲಿಕ್ಕಿಲ್ಲ, ಆಮೇಲೆ ಬರೆದಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡು ಬೀರು ಮುಚ್ಚಿ ಬಂದಿದ್ದರೆ ಆಗಿತ್ತು. ಹಾಳು ಬುದ್ಧಿ, ಕೈ ಸುಮ್ಮನಿರಲಿಲ್ಲ. ಕೆಳಗಿನ ಅರೆಯಲ್ಲಿ ಟಪಾಲು ಪುಸ್ತಕ ಇತ್ತು. ಕ್ಲಬ್ಬಿನಿಂದ ಹೊರಗೆ ಹೋಗುವ ಪ್ರತಿ ಕಾಗದವನ್ನೂ ಅದರಲ್ಲಿ ಬರೆಯಬೇಕು: ಯಾರಿಗೆ, ಯಾವ ದಿನ, ಎಷ್ಟು ಹೊತ್ತಿಗೆ, ಕೊಂಡೊಯ್ದವರ ಸಹಿ. ತೆರೆದು ನೋಡಿದೆ. 'ಪೊಲೀಸ್ ಠಾಣೆಗೆ. ಸೋಮವಾರ, ಸಂಜೆ ಐದೂಮುಕ್ಕಾಲು. ಖುದ್ದು ತಲುಪಿಸಿದೆ.' ಪಕ್ಕದಲ್ಲಿ ಅಪ್ಪನ ಸಹಿ. ಅದೇ ಪುಟಕ್ಕೆ ಕಾಗದದ ನಕಲನ್ನು ಗುಂಡುಸೂಜಿಯಿಂದ ಚುಚ್ಚಿಟ್ಟಿದ್ದ. ಅಚ್ಚುಕಟ್ಟಿನ ಮನುಷ್ಯ, ಎಲ್ಲಿ ಹೋಗುತ್ತದೆ ಬುದ್ಧಿ?

ನಕಲನ್ನು ಅಲ್ಲೇ ನಿಂತು ಓದಿದೆ. ಖಾಲಿ ರಟ್ಟಿನ ಡಬ್ಬವೊಂದರ ಮೇಲೆ ಕೂತುಬಿಟ್ಟೆ, ಡಬ್ಬ ಕುಸಿಯಿತು, ನಾನು ನೆಲಕ್ಕೆ ಬಂದೆ. ಏಳಲು ಮನಸ್ಸಾಗದೆ ಹಾಗೇ ಕೂತಿದ್ದೆ.

ಹೆಂಡತಿಗೆ ಹೇಳಿದೆ. ಅವಳು ಬಟ್ಟೆ ಮಡಚುತ್ತಿದ್ದಳು, ಮಡಚುವುದನ್ನು ನಿಲ್ಲಿಸಿದಳು.

"ರೀ, ನಾನು ಹುಟ್ಟೋಕಿಂತ ಮುಂಚಿನ ಮಾತು ಅದು. ಮಾವನವರು ಹೋಗಿ ಹನ್ನೊಂದು ವರ್ಷ ಆಯ್ತು. ಅತ್ತೆಗೆ ಎಪ್ಪತ್ತನಾಲ್ಕು. ಅವರಿಗಿರೋದೇ ಆ ಒಂದು ಕಥೆ. ಅದನ್ನೂ ಕಿತ್ಕೊಂಡು ಏನು ಉದ್ಧಾರ ಮಾಡ್ತೀರಿ?"

"ಮತ್ತೆ ಫಲಕ? ಸುಳ್ಳು ಫಲಕ ಅದು."

"ಗೋಡೆ ಮೇಲಿರೋ ಬೇರೆ ಫಲಕ ಎಲ್ಲ ನಿಜಾನಾ? ಬಾಯಿ ಮುಚ್ಕೊಂಡಿರಿ."

ಅವಳು ಹೇಳಿದ್ದು ಸರಿ ಎನಿಸಿತು. ಬಾಯಿ ಮುಚ್ಚಿಕೊಂಡೇ ಇದ್ದೆ. ಆದರೆ ನಿದ್ದೆ ಕೆಟ್ಟಿತು. ಅಪ್ಪನ ಮೇಲೆ ಎಂಥ ಸಿಟ್ಟು ಬಂತೆಂದರೆ, ಗೋಡೆಯ ಮೇಲಿದ್ದ ಅವನ ಫೋಟೋವನ್ನು ತಿರುಗಿಸಿ ಇಟ್ಟೆ. ಹೆಂಡತಿ ಅದನ್ನು ಮತ್ತೆ ಸರಿಮಾಡಿದಳು. ಅಪ್ಪ ಆ ಕಾಗದ ಒಯ್ದಾಗ ಅಮ್ಮನ ಹೊಟ್ಟೆಯಲ್ಲಿ ನಾನು ಮೂರು ತಿಂಗಳು. ಕೆಳಬೀದಿಯಲ್ಲಿ ಅಂಗಿಯ ಜೇಬಿಗೆ ಪೆನ್ನು ಸಿಕ್ಕಿಸಿಕೊಂಡ ಮೊದಲ ಮನುಷ್ಯ ಅವನು. ತಂಗಿಗೆ ಹೇಳಿಬಿಟ್ಟಿದ್ದರೆ ಆ ಕೆಲಸ ಹೋಗುತ್ತಿತ್ತು. ಇದೆಲ್ಲ ನನಗೆ ಅರ್ಥವಾಗುತ್ತದೆ, ಅರ್ಥವಾಗುವುದೇ ದೊಡ್ಡ ತಲೆನೋವು. ನಾನಾಗಿದ್ದರೆ ಹೇಳುತ್ತಿದ್ದೆನೇ? ಇಪ್ಪತ್ತಮೂರು ವರ್ಷ ಗಿಡಕ್ಕೆ ನೀರು ಹಾಕಿದವನು ನಾನು, ಒಂದು ದಿನ ಒಂದು ಮಾತಿಗೆ ಇಲ್ಲ ಎಂದವನಲ್ಲ.

ಮಂಗಳವಾರ ಬೆಳಿಗ್ಗೆ ಅತ್ತೆಯನ್ನು ಕರೆತರಲು ಹೋದೆ. ಬೂದು ಬಣ್ಣದ ಕೋಟು ಹಾಕಿಕೊಂಡು ಆಗಲೇ ತಯಾರಾಗಿ ಕೂತಿದ್ದಳು. ಬಲತೋಳನ್ನು ತೂರಿಸುವುದು ಕಷ್ಟ ಎಂದು ಆ ಕೋಟನ್ನು ಐದಾರು ವರ್ಷದಿಂದ ಮುಟ್ಟಿರಲಿಲ್ಲ. ಪಕ್ಕದ ಮನೆಯವಳು ಬಂದು ಹಾಕಿಕೊಟ್ಟಳಂತೆ.

"ಮದುವೆ ಹೆಣ್ಣು ಕಂಡ ಹಾಗೆ ಕಾಣ್ತೀಯ" ಎಂದೆ.

"ಮುಚ್ಕೊಳ್ಳೋ, ಬಸ್ಸು ತಪ್ಪುತ್ತೆ" ಎಂದಳು. ಮುಖದಲ್ಲಿ ಮಾತ್ರ ನಗು ತುಂಬಿತ್ತು.

ಕ್ಲಬ್ಬಿಗೆ ಬೇಗ ಬಂದೆವು. ಅವಳನ್ನು ಸಭಾಂಗಣದ ಪಕ್ಕದ ಸಣ್ಣ ಅಡುಗೆಕೋಣೆಯಲ್ಲಿ ಕೂರಿಸಿ ಚಹಾ ಮಾಡಿಕೊಟ್ಟೆ. ನನ್ನ ಫೈಲು ಪಕ್ಕದಲ್ಲೇ ಇತ್ತು, ಅದರೊಳಗೆ ಆ ನಕಲೂ ಇತ್ತು. ಬೀರುವಿನಲ್ಲಿ ಬಿಟ್ಟರೆ ಬೇರೆ ಯಾರ ಕಣ್ಣಿಗಾದರೂ ಬೀಳುತ್ತದೆಂದು ತೆಗೆದಿಟ್ಟಿದ್ದೆ. ಹರಿದು ಹಾಕಲು ಧೈರ್ಯ ಬಂದಿರಲಿಲ್ಲ. ಅತ್ತೆ ಬಿಸ್ಕತ್ತು ಅದ್ದಿಕೊಳ್ಳುತ್ತಾ ತನ್ನ ಭಾಷಣ ಒಪ್ಪಿಸತೊಡಗಿದಳು.

"ಮೂರೇ ನಿಮಿಷ ಅಂತಲ್ಲೋ? ಹಾಗಾದ್ರೆ ನನ್ನ ಕೈ ವಿಷಯ ಬಿಟ್ಬಿಡ್ತೀನಿ. ಅಣ್ಣಂದೇ ಹೇಳ್ತೀನಿ. ಇವತ್ತು ಅವನ ದಿನ."

"ಹೂಂ."

"ಏನು ಹೂಂ? ಕೇಳು, ಸರಿಯಿದ್ಯಾ ಹೇಳು. ನಮ್ಮ ಬೀದಿ ಮೇಷ್ಟ್ರ ಮಗಳೊಬ್ಬಳು ಒಂದ್ಸಲ ಕೇಳಿದ್ಳು ನನ್ನ, ನಿಮ್ಮಣ್ಣ ಇವರ ಹತ್ರಾನೇ ಕೆಲಸಕ್ಕಿದ್ರಲ್ಲ, ಅವರಿಗೆ ಮೊದಲೇ ಗೊತ್ತಿರಲಿಲ್ವಾ ಅಂತ. ಅದಕ್ಕೆ ಇವತ್ತು ಎಲ್ರ ಮುಂದೆ ಉತ್ತರ ಕೊಡ್ತೀನಿ. ನನ್ನ ಆಣೆಗೂ ಹೇಳ್ತೀನಿ, ಒಂದು ಗಂಟೆ ಮೊದಲು ಗೊತ್ತಿದ್ದಿದ್ರೂ ನನ್ನಣ್ಣ ಸುಮ್ನೆ ಇರ್ತಿರಲಿಲ್ಲ ಅಂತ. ಚೆನ್ನಾಗಿದ್ಯಾ?"

ನಾನು ಲೋಟ ತೊಳೆಯುತ್ತಿದ್ದೆ. ತೊಳೆದ ಲೋಟವನ್ನೇ ಮತ್ತೆ ತೊಳೆದೆ.

"ಹಾಗೆ ಹೇಳಬೇಡ ಅತ್ತೆ."

"ಯಾಕೋ?"

"ಸುಮ್ನೆ. ಆಣೆಗೀಣೆ ಯಾಕೆ? ಓಡಿ ಬಂದ ಅಂತ ಹೇಳು, ಸಾಕು."

ಅತ್ತೆ ಬಿಸ್ಕತ್ತನ್ನು ತಟ್ಟೆಯಲ್ಲಿಟ್ಟಳು. ನನ್ನನ್ನು ಸಾಕಿದವಳು ಅವಳು. ಒಂಬತ್ತನೇ ವಯಸ್ಸಿನಲ್ಲಿ ನಾನು ಶಾಲೆ ತಪ್ಪಿಸಿದ್ದನ್ನು ಬೆನ್ನು ನೋಡಿಯೇ ಕಂಡುಹಿಡಿದವಳು.

"ಈ ಕಡೆ ತಿರುಗು. ಏನಾಯ್ತು?"

ತಿರುಗಿದೆ. ಹೇಳಿಬಿಟ್ಟೆ. ಸೋಮವಾರ ಸಂಜೆ ನಾವು ಹೇಗೆ ಬರೆದಿಡುತ್ತೇವೆ ಎನ್ನುವುದರಿಂದ ಹಿಡಿದು ಐದೂಮುಕ್ಕಾಲರವರೆಗೆ ಎಲ್ಲವನ್ನೂ, ಒಂದೇ ಉಸಿರಿನಲ್ಲಿ, ವಾಂತಿ ಮಾಡಿಕೊಂಡ ಹಾಗೆ. ಹೇಳುವಾಗಲೇ ಅಯ್ಯೋ, ಬೇಡವಾಗಿತ್ತು ಅನಿಸುತ್ತಿತ್ತು. ನಿಲ್ಲಿಸಲು ಆಗಲಿಲ್ಲ.

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಚಹಾ ಲೋಟವನ್ನು ಪಕ್ಕಕ್ಕೆ ಸರಿಸಿದಳು. ಹೊರಗೆ ಸದಸ್ಯರು ಬರುವ ಸದ್ದು, ಕುರ್ಚಿ ಎಳೆಯುವ ಸದ್ದು, ಯಾರೋ ಮೈಕಿಗೆ ಊದುತ್ತಿದ್ದ ಸದ್ದು ಕೇಳುತ್ತಿತ್ತು.

"ಗೇಟಿಗೆ ಬೀಗ ಹಾಕೋದು ಅವನಿಗೆ ಗೊತ್ತಿತ್ತಾ?" ಎಂದಳು.

"ಕಾಗದದಲ್ಲಿದೆ ಅತ್ತೆ. ಅವನೇ ಬರೆದಿರೋದು."

"ಕೊಡು ಇಲ್ಲಿ."

ಕೊಟ್ಟೆ. ಕನ್ನಡಕ ಹಾಕಿಕೊಂಡು ಓದಿದಳು. ಒಮ್ಮೆ ಓದಿ ಮತ್ತೊಮ್ಮೆ ಓದಿದಳು.

"ಕೆಳಗೆ ಸಹಿ ಯಾರದು?"

"ಆಗಿನ ಅಧ್ಯಕ್ಷರದು. ಈಗಿನ ಡಾಕ್ಟರ ತಾತ."

"ಮೂರು ವಾರದಿಂದ ಇದನ್ನ ಇಟ್ಕೊಂಡಿದ್ದೀಯ. ಅಪ್ಪ ಹೀಗೆ ಮಾಡಿದ್ನಲ್ಲ, ಅಪ್ಪ ಹೀಗೆ ಮಾಡಿದ್ನಲ್ಲ ಅಂತ ಕೊರಗಿದ್ದೀಯ, ಅಲ್ವಾ?"

"ಹೂಂ."

"ಈ ಸಹಿ ನಿನ್ನ ಕಣ್ಣಿಗೆ ಬೀಳಲೇ ಇಲ್ವಾ?"

ಬಿದ್ದಿತ್ತು. ಆದರೆ ಅದು ಇರಬೇಕಾದ್ದೇ ಎಂಬಂತೆ ಬಿದ್ದಿತ್ತು. ಆ ಸಹಿಯ ಮೇಲೆ ನನಗೆ ಒಂದು ಕ್ಷಣವೂ ಸಿಟ್ಟು ಬಂದಿರಲಿಲ್ಲ ಎನ್ನುವುದು ಆಗ ಗೊತ್ತಾಯಿತು.

"ಅಣ್ಣನ್ನ ನಾನು ನೋಡ್ಕೋತೀನಿ. ಅದು ನಮ್ಮ ಮನೆ ವಿಷಯ" ಎಂದಳು ಅತ್ತೆ. "ಈ ಕಾಗದ ಇವರ ಮನೆ ವಿಷಯ. ಎರಡನ್ನೂ ಕಲಸಬೇಡ." ಕಾಗದವನ್ನು ಮಡಚಿ ಕೋಟಿನ ಜೇಬಿಗೆ ಹಾಕಿಕೊಂಡು ಎದ್ದು ನಿಂತಳು.

"ಅತ್ತೆ, ಮನೆಗೆ ಹೋಗಿಬಿಡೋಣ. ಹುಷಾರಿಲ್ಲ ಅಂತ ಹೇಳ್ತೀನಿ."

"ನಿನ್ನ ಕೆಲಸ ಹೋಗುತ್ತೆ ಅಂತ ಭಯಾನಾ?"

ಅವಳು ಉತ್ತರಕ್ಕೆ ಕಾಯದೆ ಬಾಗಿಲು ತೆಗೆದಳು.

ಸಭೆ ಎಂದಿನಂತೆ ಶುರುವಾಯಿತು. ಗೋಡೆಯ ಮೇಲೆ ಫಲಕಕ್ಕೆ ಹಸಿರು ಬಟ್ಟೆ ಮುಚ್ಚಿತ್ತು. ಅಧ್ಯಕ್ಷರು ಹತ್ತು ನಿಮಿಷ ಮಾತಾಡಿದರು. ಈಜುಕೊಳ ಕಟ್ಟಿಸಿಕೊಟ್ಟದ್ದು ನಮ್ಮ ಕ್ಲಬ್ಬು, ಹೋರಾಟಗಾರರನ್ನು ಎಚ್ಚರಿಸಲು ಓಡಿದ್ದು ನಮ್ಮ ಕ್ಲಬ್ಬಿನ ಗುಮಾಸ್ತ, ಹೀಗಾಗಿ ಆ ಹೋರಾಟದ ಜೊತೆ ನಮಗೆ ಮೊದಲಿನಿಂದಲೂ ಕರುಳಿನ ಸಂಬಂಧ ಎಂದರು. ಚಪ್ಪಾಳೆಯಾಯಿತು. ಅತ್ತೆಯ ಎಡಗೈಗೆ ಹೂಗುಚ್ಛ ಕೊಟ್ಟರು. ಅದನ್ನು ಅವಳು ಕುರ್ಚಿಯ ಮೇಲಿಟ್ಟು ಮೈಕಿನ ಮುಂದೆ ಹೋದಳು.

ನಮ್ಮಲ್ಲಿ ಮೂರು ನಿಮಿಷಕ್ಕೆ ಗಂಟೆ ಹೊಡೆಯುವ ಪದ್ಧತಿ ಇದೆ, ಅಧ್ಯಕ್ಷರೊಬ್ಬರಿಗೆ ಮಾತ್ರ ವಿನಾಯಿತಿ. ಹೊಡೆಯುವವರು ನಿವೃತ್ತ ಗಣಿತದ ಮೇಷ್ಟ್ರು. ಸ್ವಂತ ಮಗಳು ವಂದನಾರ್ಪಣೆ ಮಾಡುವಾಗಲೂ ಬಿಡದೆ ಹೊಡೆದ ಪುಣ್ಯಾತ್ಮ.

"ಎಲ್ರಿಗೂ ನಮಸ್ಕಾರ" ಎಂದಳು ಅತ್ತೆ. "ನಾನು ಬೇರೆ ಏನೋ ಹೇಳೋಕೆ ಬಂದಿದ್ದೆ. ಈಗ ಒಂದು ಕಾಗದ ಓದ್ತೀನಿ. ಇದು ಈ ಕ್ಲಬ್ಬಿಂದ ಹೋದ ಕಾಗದ. ನನಗೆ ಕಣ್ಣು ಮಂದ, ನಿಧಾನ ಆಗುತ್ತೆ."

ಓದಿದಳು. "ನಾಳೆ ಮಂಗಳವಾರ ಕೆಳಬೀದಿಯ ಕೆಲವರು ನಮ್ಮ ಕ್ಲಬ್ಬು ಕಟ್ಟಿಸಿಕೊಟ್ಟ ಈಜುಕೊಳಕ್ಕೆ ಇಳಿಯುವುದಾಗಿ ತಿಳಿಸಿರುತ್ತಾರೆ. ಅವರನ್ನು ಗೇಟಿನಲ್ಲಿ ತಡೆಯುವುದು ಬೇಡ. ತಡೆದರೆ ಪತ್ರಿಕೆಯವರು ಸೇರುತ್ತಾರೆ. ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಿಸಿ, ಮತ್ತೊಮ್ಮೆ ಬರುವ ಮನಸ್ಸಾಗದಂತೆ ಬುದ್ಧಿ ಕಲಿಸಬೇಕಾಗಿ ವಿನಂತಿ. ನಾಳಿನ ನಮ್ಮ ಸಭೆಯಲ್ಲಿ ಈ ಬಗ್ಗೆ ಸರ್ವಾನುಮತದ ಠರಾವು ಆಗಲಿದೆ."

ಅಧ್ಯಕ್ಷರು ನನ್ನ ಕಡೆ ನೋಡಿದರು. ಜೀವನದಲ್ಲಿ ಮೊದಲ ಬಾರಿ ಅವರು ಉತ್ತರಕ್ಕೆ ಕಾಯುತ್ತಿದ್ದರು. ನಾನು ಮುಖ ಆಚೆ ತಿರುಗಿಸಲಿಲ್ಲ, ಅಷ್ಟು ಮಾತ್ರ ನನ್ನಿಂದಾಯಿತು.

"ಕೆಳಗೆ ಸಹಿ ಇದೆ" ಎಂದು ಅತ್ತೆ ಕಾಗದವನ್ನು ಕಣ್ಣಿನ ಹತ್ತಿರ ತಂದಳು. ಆಗ ಗಂಟೆ ಹೊಡೆಯಿತು. ಮೇಷ್ಟ್ರು ತಮ್ಮ ಕೈಯನ್ನು ತಾವೇ ನೋಡಿಕೊಂಡು ಬೆಪ್ಪಾದರು.

"ಪರವಾಗಿಲ್ಲ ಮೇಷ್ಟ್ರೇ, ನಿಮ್ಮ ಕೆಲಸ ನೀವು ಮಾಡಿ" ಎಂದಳು. ಗೋಡೆಯ ಕಡೆ ತಿರುಗಿ ಫೋಟೋಗಳ ಸಾಲಿನಲ್ಲಿ ಮೂರನೆಯದನ್ನು ತೋರಿಸಿದಳು. ಬಲಗೈ ಏಳಲಿಲ್ಲ, ಎಡಗೈಯಿಂದ ತೋರಿಸಿದಳು. "ಇವರದು. ಆಗ ಅಧ್ಯಕ್ಷರಾಗಿದ್ದೋರು. ಈ ಕಾಗದನ ಠಾಣೆಗೆ ಒಯ್ದು ಕೊಟ್ಟವನು ನನ್ನ ಅಣ್ಣ. ಹಿಂದಿನ ದಿನ ಸಂಜೆ. ಇದು ನನಗೆ ಇವತ್ತು, ಈಗ ಅರ್ಧ ಗಂಟೆ ಮುಂಚೆ ಗೊತ್ತಾಯ್ತು. ಅದಕ್ಕೆ ಆ ಬಟ್ಟೆ ತೆಗೀಬೇಡಿ. ಓಡಿದವನು ಅಂತ ಅವನ ಹೆಸರು ಹಾಕಬೇಡಿ. ಬರೆಯೋ ಮನಸ್ಸಿದ್ರೆ ಈ ಕಾಗದನೇ ಹಿತ್ತಾಳೇಲಿ ಬರೆಸಿ. ಸಹಿ ಮಾಡಿದವರ ಹೆಸರು ಮೇಲೆ, ಒಯ್ದವನ ಹೆಸರು ಕೆಳಗೆ. ಆರು ಜನ ಒಳಗಿದ್ವಿ, ನಮ್ಮ ಹೆಸರು ಬೇಕಾದ್ರೆ ಹಾಕಿ, ಬೇಡದಿದ್ರೆ ಬಿಡಿ."

ಅವಳು ಬಂದು ಕೂತಾಗ ಹಿಂದಿನ ಸಾಲಿನಲ್ಲಿ ಯಾರೋ ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿದರು. ಇನ್ನೂ ನಾಲ್ಕೈದು ಜನ ಸೇರಿಕೊಂಡರು. ಆಮೇಲೆ ತಪ್ಪಾಯಿತೇನೋ ಎಂದು ಒಬ್ಬೊಬ್ಬರೇ ನಿಲ್ಲಿಸಿದರು. ಅಧ್ಯಕ್ಷರು ಮೈಕಿನ ಹತ್ತಿರ ಹೋಗಿ, ತಾತನ ಫೋಟೋ ನೋಡಿ, ಏನೋ ಹೇಳಲು ಹೊರಟು, "ಊಟ ತಯಾರಿದೆ" ಎಂದರು. ಪಾಪ, ಬೇರೆ ಏನು ಹೇಳಬೇಕಿತ್ತೋ ನನಗೂ ಗೊತ್ತಿಲ್ಲ. ಬಟ್ಟೆಯನ್ನು ಯಾರೂ ತೆಗೆಯಲಿಲ್ಲ.

ನಾವು ಊಟಕ್ಕೆ ನಿಲ್ಲಲಿಲ್ಲ. ಹೂಗುಚ್ಛ ಅಲ್ಲೇ ಉಳಿಯಿತು. ಬಸ್ಸಿನಲ್ಲಿ ಜನ ಕಡಿಮೆ, ಇಬ್ಬರೂ ಒಟ್ಟಿಗೆ ಕೂತೆವು. ನನಗೆ ಒಳಗೊಳಗೆ ಹೆಮ್ಮೆ. ಎಂಥ ಹೆಂಗಸು ಇವಳು! ಮೂರು ವಾರದ ಭಾರ ಇಳಿದು ಮೈ ಹಗುರವಾಗಿತ್ತು. ಮುಗಿಯಿತು, ಇನ್ನು ಮನೆಗೆ ಹೋಗಿ ಮಲಗಬೇಕು ಎಂದುಕೊಂಡೆ. ಎಂಥ ಮೂರ್ಖ ನಾನು!

"ಆ ಸೋಮವಾರ ಅವನು ಆರೂವರೆಗೆ ಮನೆಗೆ ಬಂದ" ಎಂದಳು ಅತ್ತೆ, ಕಿಟಕಿಯ ಕಡೆ ನೋಡುತ್ತಾ. "ನಾನು ಈಜೋಕೆ ಹಾಕ್ಕೊಳ್ಳೋ ಬಟ್ಟೆ ಹೊಲೀತಾ ಕೂತಿದ್ದೆ. ಹಳೇ ಪರದೆ ಬಟ್ಟೆ, ನೀಲಿ. ದಾರ ಪೋಣಿಸೋಕಾಗ್ತಿರಲಿಲ್ಲ, ಬೆಳಕು ಕಡಿಮೆ ಇತ್ತು. ಅವನೇ ಬಂದು ಪಕ್ಕ ಕೂತು ಪೋಣಿಸಿಕೊಟ್ಟ. ಇನ್ನೊಂದ್ಸಲ ದಾರ ಮುಗೀತು. ಆಗಲೂ ಪೋಣಿಸಿಕೊಟ್ಟ ಕಣೋ."

ಅವಳ ಕೈ ಹಿಡಿಯಲು ಹೋದೆ. ಹಿಂದಕ್ಕೆಳೆದುಕೊಂಡಳು.

"ನೀನು ಹೇಳಿದ್ದು ತಪ್ಪು ಅಂತಲ್ಲ. ಹೇಳಲೇಬೇಕಿತ್ತು. ಹೇಳದೇ ಇದ್ದಿದ್ರೆ ನೀನೂ ಅವನ ಥರಾನೇ ಆಗ್ತಿದ್ದೆ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ಆದ್ರೆ ಸ್ವಲ್ಪ ದಿನ ಮನೆ ಕಡೆ ಬರಬೇಡ. ಈಗಲೂ ಎದ್ದು ಹಿಂದಿನ ಸೀಟಿಗೆ ಹೋಗು. ಅವನದೇ ಮೂಗು ನಿಂಗೆ, ಅವನದೇ ಹಣೆ. ಇವತ್ತು ನನ್ನ ಕೈಲಿ ನೋಡೋಕಾಗಲ್ಲ."

ಎದ್ದು ಹೋಗಿ ಹಿಂದಿನ ಸೀಟಿನಲ್ಲಿ ಕೂತೆ. ಅವಳ ನರೆತ ತಲೆ, ಕೋಟಿನ ಕಾಲರು, ಬಲಭುಜ ಸ್ವಲ್ಪ ಇಳಿಬಿದ್ದಿದ್ದು ಕಾಣುತ್ತಿತ್ತು. ಅಳುತ್ತಿದ್ದಳೋ ಇಲ್ಲವೋ ಹಿಂದಿನಿಂದ ತಿಳಿಯುತ್ತಿರಲಿಲ್ಲ. ಅವಳ ಸ್ಟಾಪು ಬಂದಾಗ ನಾನೂ ಎದ್ದೆ, ಬಲಗೈಯಲ್ಲಿ ಕಂಬಿ ಹಿಡಿಯಲು ಅವಳಿಗಾಗುವುದಿಲ್ಲ.

"ಬೇಡ" ಎಂದಳು, ತಿರುಗಿ ನೋಡದೆ.

ಎದುರಿಗಿದ್ದ ಯಾರೋ ಗುರುತಿಲ್ಲದ ಹೆಂಗಸು ಕೈಕೊಟ್ಟು ಇಳಿಸಿದಳು.